ಕಾಕಾನ ಟ್ರ್ಯಾಕ್ಟರು, ಕಾಕುವಿನ ಹುಣಸೆಹಣ್ಣು

ನಿನ್ನೆ ನನ್ನ ಹೆಂಡತಿ ಅಂಗಿ ಒಗೆಯುವ ಮುನ್ನ ಕಿಸೆ ಜಾಡಿಸಿದಳು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಬಣ್ಣದ ಹಕ್ಕಳೆಯೊಂದು ಕೆಳಗೆ ಬಿತ್ತು. "ಇದೇನ್ರೀ ಇದು, ಗ್ವಾಡಿ ಕೆತ್ತಿ ಕಿಸೇದಾಗ ಇಟಗೊಂಡು ತಿರಗ್ಲಿಕತ್ತೀರಿ?" ಎಂದವಳೇ ಅದನ್ನು ಕಸದ ಬುಟ್ಟಿಗೆ ಎಸೆದಳು. ನಾನು ಓಡಿಹೋಗಿ, ಸೌತೆಕಾಯಿ ಸಿಪ್ಪೆಯ ಕೆಳಗಿನಿಂದ ಅದನ್ನು ಹೆಕ್ಕಿ, ಒರೆಸಿ, ಪಂಚಾಂಗದ ನಡುವೆ ಇಟ್ಟುಕೊಂಡೆ. ಆಗ ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ನಿವೃತ್ತರಾದ ಗಂಡಂದಿರಿಗೆಲ್ಲ ಆ ನೋಟ ಗೊತ್ತು.

ಆ ಹಕ್ಕಳೆಯನ್ನು ಅಡ್ಡ ಹಿಡಿದು ನೋಡಿದರೆ ಐದು ಬಣ್ಣಗಳಿವೆ. ಮೇಲಿನದು ಹಸಿರು. ನಮ್ಮ ಅಣ್ಣನ ಮಗಳ ಮದುವೆಯಲ್ಲಿ ಬಾಗಿಲು ಕಿಟಕಿಗಳಿಗೆ ಹಚ್ಚಿ ಉಳಿದದ್ದು. ಅದರ ಕೆಳಗಿನ ಬೆಳ್ಳಿ ಬಣ್ಣ ಹಣಮಪ್ಪನ ಗುಡಿಯ ಗೇಟಿಗೆ ತಂದು ಉಳಿದದ್ದು. ಅದರ ಕೆಳಗಿನ ಕೆಂಪು ಬಣ್ಣದ ಡಬ್ಬಿಯನ್ನು ಯಾರೋ ಪುಣ್ಯಾತ್ಮರು ವಾಡಿ ರೈಲು ಜಂಕ್ಷನ್ನಿನಿಂದ ತಂದುಕೊಟ್ಟಿದ್ದರು. ಎಲ್ಲಿಂದ ತಂದಿರಿ ಎಂದು ನಮ್ಮ ಕಾಕಾ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇನ್ನೂ ಕೆಳಗೆ ಹಳದಿ. ತಳದಲ್ಲಿ ನೀಲಿಯೂ ಅಲ್ಲದ ಬೂದಿಯೂ ಅಲ್ಲದ ಒಂದು ಬಣ್ಣ. ಅದೇ ಹುಟ್ಟು ಬಣ್ಣ ಎಂದು ನಾನು, ಅಲ್ಲ ಅದು ಬಣ್ಣಕ್ಕೆ ಮೊದಲು ಬಳಿಯುವ ಬರೇ ಅಸ್ತರು ಎಂದು ರಿಪೇರಿಗೆ ಬಂದ ಮಹಬೂಬ ಮಿಸ್ತ್ರಿ, ಮೂರು ದಿನ ವಾದ ಮಾಡಿದ್ದೇವೆ. ನಮ್ಮ ಮನೆಯಲ್ಲಿ ಯಾವ ಬಣ್ಣ ಉಳಿದರೂ ಅದು ಕಡೆಗೆ ಹೋಗಿ ಸೇರುತ್ತಿದ್ದದ್ದು ಟ್ರ್ಯಾಕ್ಟರಿನ ಮೈಮೇಲೆ.

ನಿಮಗೊಂದು ಮಾತು ಹೇಳುತ್ತೇನೆ, ಕೇಳಿ. ಬೇಕಾದರೆ ಮನೆ ಕಟ್ಟಿಸಿ, ಬೇಕಾದರೆ ಚುನಾವಣೆಗೆ ನಿಲ್ಲಿ. ಆದರೆ ಹಬ್ಬದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ತುಂಬಿದ ಹೊಟ್ಟೆಯ ಧೈರ್ಯದಲ್ಲಿ, "ಹಳೇ ಟ್ರ್ಯಾಕ್ಟರ್ ನಾ ಚಾಲೂ ಮಾಡಸ್ತೀನಿ" ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಹೋದ ದಸರೆಗೆ ಕೊಡ್ಲಿಯಲ್ಲಿ ನಾನು ಮಾಡಿದ್ದು ಅದನ್ನೇ.

ಕೊಡ್ಲಿ ನಮ್ಮ ಊರು. ನಾನಿರುವುದು ಸೇಡಂನಲ್ಲಿ. ಊರಿನ ಮನೆ, ಹೊಲ ನೋಡಿಕೊಳ್ಳುವವನು ಅಣ್ಣ, ಅವನ ಜೊತೆಗೇ ನಮ್ಮ ಕಾಕು, ಎಂದರೆ ಚಿಕ್ಕಮ್ಮ. ಕಾಕಾ ಹೋಗಿ ಹನ್ನೊಂದು ವರ್ಷ. ಮಕ್ಕಳಿಲ್ಲದ ಕಾಕು ನಮ್ಮಿಬ್ಬರನ್ನೂ ಬೈದು ಬೆಳೆಸಿದವಳು, ಎಂಬತ್ತಾದರೂ ಬೈಯುವುದನ್ನು ನಿಲ್ಲಿಸಿಲ್ಲ. ಹಿತ್ತಲಲ್ಲಿ ಶಹಾಬಾದಿನ ಪರಸಿ ಕಲ್ಲು ಹೊದಿಸಿದ ಒಂದು ಶೆಡ್ಡು ಇದೆ. ಅದರೊಳಗೆ ಕಾಕಾನ ಟ್ರ್ಯಾಕ್ಟರು ಅವರು ಹೋದ ವರ್ಷದಿಂದ ನಿಂತಲ್ಲೇ ನಿಂತಿತ್ತು. ಅಣ್ಣ ಅಂದು ಹೇಳಿದ: "ಎಳ್ಳಮಾಸಿ ಆದ ಮ್ಯಾಲ ಶೆಡ್ ಕಿತ್ತಿ ತೊಗರಿ ಇಡಲಿಕ್ಕೆ ದೊಡ್ಡದೊಂದು ಕಟ್ಟಸ್ತೀನಿ. ಶಹಾಬಾದದ ಗುಜರಿಯವಗ ಹೇಳೀನಿ, ಬಂದು ಒಯ್ತಾನ."

ಕಾಕು ಬಡಿಸುತ್ತಿದ್ದ ಹೋಳಿಗೆಯ ತಾಟನ್ನು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು, ಅಷ್ಟೇ. ಬೈಯುವ ಹೆಂಗಸು ಸುಮ್ಮನಾದರೆ ನನ್ನಿಂದ ತಡೆಯಲಾಗುವುದಿಲ್ಲ. ನನ್ನ ನಾಲಿಗೆ ಮಾತು ಕೊಟ್ಟುಬಿಟ್ಟಿತು: "ಕಾಕೂ, ಎಳ್ಳಮಾಸಿಗಿ ನೀ ಅದರ ಮ್ಯಾಲೇ ಕುಂತು ಹೊಲಕ್ಕ ಹೋಗ್ತೀ. ನಾ ಚಾಲೂ ಮಾಡಸ್ತೀನಿ."

"ಖರೇನೇನೋ ಗುಂಡ್ಯಾ?" ಎಂದಳು ಕಾಕು. ಅರವತ್ತೆರಡು ವರ್ಷದವನನ್ನು ಗುಂಡ್ಯಾ ಎಂದು ಕರೆದು, ಆ ಎರಡು ಕಣ್ಣಿನಿಂದ ಹಾಗೆ ನೋಡಿದರೆ, ಯಾರಾದರೂ ಇಲ್ಲ ಎನ್ನಲಿಕ್ಕಾಗುತ್ತದೆಯೇ?

ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಕಡೆ ಏನೆಂದು ಹೊರಗಿನವರಿಗೆ ಹೇಳಬೇಕು. ಅಂದು ಊರಿಗೆ ಊರೇ ಹೊಲದಲ್ಲಿ. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಊರಿನ ಕಾಳು ಸೊಪ್ಪೆಲ್ಲ ಬಿದ್ದ ಭಜ್ಜಿ, ಎಲ್ಲ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ನೈವೇದ್ಯ ಮಾಡಿ, ಅದರದೇ ಒಂದಿಷ್ಟನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಆಮೇಲೆ ಊಟ. ನಮ್ಮ ಮನೆಯಲ್ಲಿ ಇದಕ್ಕೊಂದು ತೊಡಕಿತ್ತು. ಕಾಕು ಮಡಿಯಲ್ಲಿ ಅಡಿಗೆ ಮಾಡುತ್ತಾಳೆ. ನೈವೇದ್ಯದ ಬುಟ್ಟಿಯನ್ನು ಯಾರೂ ಮುಟ್ಟದೇ ಅದು ಹೊಲ ಮುಟ್ಟಬೇಕು. ಬಂಡಿಯಲ್ಲಿ ನಾವು ಹುಡುಗರು, ಪಕ್ಕದ ಮನೆಯವರು, ಯಾರದೋ ಬೀಗರು. ಯಾರಾದರೊಬ್ಬರ ಮೊಣಕೈ ತಾಗಿಯೇ ತಾಗುತ್ತಿತ್ತು, ಕಾಕು ಅರ್ಧ ದಾರಿಯಲ್ಲಿ ಕೂಗಾಡಿಯೇ ಕೂಗಾಡುತ್ತಿದ್ದಳು. ಟ್ರ್ಯಾಕ್ಟರ್ ಬಂದ ವರ್ಷ ಕಾಕಾ ಒಂದು ತೀರ್ಪು ಕೊಟ್ಟರು: "ಕಬ್ಬಿಣಕ್ಕ ಮೈಲಿಗಿ ಇಲ್ಲ. ನೀ ಮಡ್‌ಗಾರ್ಡ್ ಮ್ಯಾಲ ಕುಂದ್ರು. ಯಾವ ಮಗಾ ಅಲ್ಲಿ ಬಂದು ಮುಟ್ತಾನ, ನೋಡ್ತೀನಿ." ಅಂದಿನಿಂದ ಪ್ರತಿ ವರ್ಷ ಕಾಕು ಮಡಿ ಸೀರೆಯುಟ್ಟು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಆ ದೊಡ್ಡ ಗಾಲಿಯ ಮೇಲೆ ಕೂತು ಹೊಲಕ್ಕೆ ಹೋದಳು. ಹಿಂದೆ ಟ್ರೇಲರಿನಲ್ಲಿ ನಾವು. ಕಾಕಾ ಹೋದ ಮೇಲೆ ಅವಳು ಎಳ್ಳಮಾಸಿಗೆ ಹೊಲಕ್ಕೆ ಹೋಗಿಲ್ಲ. ಅಡಿಗೆ ಮಾಡಿ ಕಳಿಸುತ್ತಾಳೆ, ತಾನು ಮನೆಯಲ್ಲಿ ಉಳಿಯುತ್ತಾಳೆ. ಅಣ್ಣನ ಹೊಸ ಟ್ರ್ಯಾಕ್ಟರ್ ತೋರಿಸಿದರೆ "ಅದು ನಿಮ್ಮದಪಾ" ಎನ್ನುತ್ತಾಳೆ.

ಹೀಗೆ ನಾನು ಸಿಕ್ಕಿಬಿದ್ದೆ. ವಾಡಿಯಿಂದ ಮಹಬೂಬ ಮಿಸ್ತ್ರಿಯನ್ನು ಕರೆಸಿದೆ. ಎಪ್ಪತ್ತರ ಮುದುಕ, ಹಳೆಯ ಯಂತ್ರಗಳ ವೈದ್ಯ ಎಂದು ಹೆಸರು. ಬಂದವನು ಚಹಾ ಕುಡಿದು, ಟ್ರ್ಯಾಕ್ಟರಿನ ಸುತ್ತ ಮೂರು ಸುತ್ತು ಹಾಕಿ, ಬಾನೆಟ್ ಮೇಲೆ ಕೈಯಿಟ್ಟು ಕೇಳಿದ: "ಸಾಹೇಬ್ರ, ಇದು ಯಾವ ಕಂಪನೀದು?"

ನಾನು ಅಣ್ಣನ ಮುಖ ನೋಡಿದೆ. ಅಣ್ಣ ನನ್ನ ಮುಖ ನೋಡಿದ. ಬಂದಾಗಿನಿಂದ ನಮಗದು ಟ್ರ್ಯಾಕ್ಟರು. ಊರಲ್ಲಿ ಇದ್ದದ್ದೇ ಅದೊಂದು, ಹೆಸರು ಯಾರಿಗೆ ಬೇಕಿತ್ತು?

"ರಷ್ಯಾದ್ದು," ಎಂದ ಅಣ್ಣ. "ರಷ್ಯಾದ್ದಲ್ಲದ್ದು ಇಷ್ಟು ಭಾರ ಇರ್ತದೇನು?"

"ಮರೀಜನ ಹೆಸರೇ ಗೊತ್ತಿಲ್ಲಂದ್ರ ದವಾ ಯಾರ ಹೆಸರೀಲೆ ಬರೀಲ್ರಿ?" ಎಂದ ಮಿಸ್ತ್ರಿ. "ಡೀಸೆಲ್ ಪಂಪಿನ ಒಳಗಿನ ಸಾಮಾನ ಹೋಗ್ಯಾವ. ಹೈದರಾಬಾದನ್ಯಾಗ ಒಂದ ದುಕಾನ ಅದ, ಅಲ್ಲಿ ಇರ್ತಾವ. ಆದ್ರ ಅಂವಾ ಕಂಪನಿ ಹೆಸರು, ನಂಬರ್ ಇಲ್ದ ಮಾತೇ ಆಡೂದಿಲ್ರಿ."

ದೇವರ ನ್ಯಾಯ ಹೇಗಿರುತ್ತದೆ ನೋಡಿ. ಮೂವತ್ತೊಂದು ವರ್ಷ ನಾನು ಸರ್ಕಾರಿ ಕಚೇರಿಯ ಮೇಜಿನ ಹಿಂದೆ ಕೂತು, "ಹೆಸರಿಗೆ ದಾಖಲೆ ಎಲ್ಲಿ? ಹುಟ್ಟಿದ್ದಕ್ಕೆ ಪುರಾವೆ ಎಲ್ಲಿ?" ಎಂದು ಕೇಳಿ ಕೇಳಿ ಜನರನ್ನು ವಾಪಸ್ಸು ಕಳಿಸಿದವನು. ಅವರೆಲ್ಲರ ಶಾಪ ಒಟ್ಟಾಗಿ ಬಂದು ಕೊಡ್ಲಿಯ ಹಿತ್ತಲಲ್ಲಿ ನನ್ನ ಕೊರಳಿಗೆ ಬಿತ್ತು. ಕಾಗದಪತ್ರದ ಟ್ರಂಕು ತೆಗೆದೆ. ಗೆದ್ದಲು ಹುಳು ಟ್ರ್ಯಾಕ್ಟರಿನ ಪುಸ್ತಕವನ್ನು ರಟ್ಟು ಬಿಟ್ಟು ಉಳಿದದ್ದೆಲ್ಲ ಸ್ವಾಹಾ ಮಾಡಿತ್ತು. ಪಕ್ಕದಲ್ಲೇ ಇದ್ದ ನನ್ನ ಏಳನೇ ಇಯತ್ತೆಯ ಅಂಕಪಟ್ಟಿಯನ್ನು, ಗಣಿತದಲ್ಲಿ ನಪಾಸಾದದ್ದನ್ನು, ಮೂಸಿಯೂ ನೋಡಿರಲಿಲ್ಲ.

ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಊರೂರು ಹೊರಟೆ. ಚಿಂಚೋಳಿಯಲ್ಲಿ ಒಬ್ಬ ಹಳೆಯ ಡ್ರೈವರ್ ಕನ್ನಡಕ ಏರಿಸಿ ನೋಡಿ, "ಇಂಗ್ಲಂಡಿಂದ್ರಿ. ಕುಂದ್ರೂ ಸೀಟ್ ನೋಡ್ರಿ, ಸಾಹೇಬರ ಕುಂಡಿಗಿ ಮಾಡಿದ್ದು" ಎಂದ. ಚಿತ್ತಾಪುರದಲ್ಲಿ ಬಿಡಿಭಾಗದ ಅಂಗಡಿಯವನು ಫೋಟೋವನ್ನು ಎಳೆದು ದೊಡ್ಡದು ಮಾಡಿ, ತಿರುಗಿಸಿ, ಮತ್ತೆ ತಿರುಗಿಸಿ, "ಇದು ಟ್ರ್ಯಾಕ್ಟರ್ ಏನ್ರಿ?" ಎಂದು ಕೇಳಿದ. ಇದ್ದವರಲ್ಲಿ ಗೊಂದಲವಿಲ್ಲದ ಮನುಷ್ಯನೆಂದರೆ ಶಹಾಬಾದದ ಆ ಗುಜರಿಯವನೇ: "ಯಾವ ಕಂಪನಿ ಆದ್ರ ಏನ್ರಿ ಮಾಲಕರ, ನಮಗ ಎಲ್ಲಾ ಕಿಲೋದ ಮ್ಯಾಲ."

ಅತ್ತ ಕೆಲಸವಾದರೂ ನಡೆಯಿತೇ ಎಂದರೆ, ಯಾವ ದಿನ ನಡೆಯಬೇಕು? ಸೋಮವಾರ ಬಸವಣ್ಣನ ವಾರ, ಎತ್ತಿಗೆ ನೊಗ ಹೂಡುವುದಿಲ್ಲ. ಅಣ್ಣನ ಪ್ರಕಾರ ಎತ್ತಿನ ಕೆಲಸ ಮಾಡುವ ಟ್ರ್ಯಾಕ್ಟರಿಗೂ ಸೋಮವಾರ ಸೂಟಿ. ಶುಕ್ರವಾರ ಮಿಸ್ತ್ರಿಗೆ ನಮಾಜು. ಶನಿವಾರ ಕಬ್ಬಿಣಕ್ಕೂ ಎಣ್ಣೆಗೂ ಕೈ ಹಚ್ಚಬಾರದೆಂದು ಕಾಕುವಿನ ಕಟ್ಟಪ್ಪಣೆ. ಟ್ರ್ಯಾಕ್ಟರಿನಲ್ಲಿ ಕಬ್ಬಿಣ, ಎಣ್ಣೆ ಬಿಟ್ಟು ಬೇರೇನಿದೆ ತಾಯೀ? ಏಕಾದಶಿ ದಿನ ಕಾಕುವಿನ ಉಪವಾಸ, ಡೀಸೆಲ್ ನಾತ ತಲೆಗೇರುತ್ತದೆ. ಉಳಿದ ದಿನ ಲೈಟು ಇರುವುದಿಲ್ಲ. ನಾನು ಕಾಳಗಿಯಲ್ಲಿ ಬಸ್ಸು ಬದಲಿಸಿ, ಉಸಿರುಗಟ್ಟಿ ಓಡಿ ಬಂದರೆ, ಮಿಸ್ತ್ರಿ ಶೆಡ್ಡಿನ ನೆರಳಲ್ಲಿ ಕೂತು ಬೀಡಿ ಸೇದುತ್ತ, "ಆರಾಮ್ ಕುಂದ್ರಿ ಸಾಹೇಬ್ರ. ಮಷೀನ್ ಅದ, ಜಲ್ದಿ ಮಾಡಿದ್ರ ಸಿಟ್ಟಿಗೇಳ್ತದ" ಎನ್ನುತ್ತಿದ್ದ. ಮಷೀನಿನ ಸಿಟ್ಟು ಎಲ್ಲರಿಗೂ ಕಾಣುತ್ತದೆ. ನನ್ನ ಸಿಟ್ಟು ಯಾರಿಗೆ ಬೇಕು?

ಕಡೆಗೆ, ನಂಬರು ಮೈಮೇಲೆಲ್ಲೋ ಇರಲೇಬೇಕೆಂದು ಬಣ್ಣ ಕೆರೆಯಲು ನಾನೇ ಕೂತೆ. ಹಸಿರು ಕೆರೆದೆ, ಬೆಳ್ಳಿ ಕೆರೆದೆ. ಉಗುರೆಲ್ಲ ಕಪ್ಪಾಗಿ, ಒಂದು ಮುಂಜಿಯ ಪಂಕ್ತಿಯಲ್ಲಿ ಪಕ್ಕದವರು ಎಲೆಯನ್ನು ಅತ್ತ ಸರಿಸಿಕೊಂಡರು. ಐದನೆಯ ಬಣ್ಣಕ್ಕೆ ಬಂದಾಗ, ಕಾಕು ಕೂಡುತ್ತಿದ್ದ ಮಡ್‌ಗಾರ್ಡಿನ ಮುಂಬದಿಯಲ್ಲಿ, ನಾಲ್ಕು ಸಣ್ಣ ತೂತು ಕಂಡವು.

"ಇಲ್ಲಿ ತಗಡ ಇತ್ರಿ," ಎಂದ ಮಿಸ್ತ್ರಿ. "ಹಿತ್ತಾಳಿ ತಗಡ. ಹೆಸರು, ನಂಬರ್ ಎಲ್ಲಾ ಅದರ ಮ್ಯಾಲೇ ಇರ್ತದ. ಯಾರೋ ಬಿಚ್ಯಾರ."

ಚಹಾ ಇಡಲು ಬಂದಿದ್ದ ಕಾಕು ಬಗ್ಗಿ ನೋಡಿ, "ಅದಾ? ಅದು ದೇವರ ಕ್ವಾಣ್ಯಾಗ ಅದಲ್ಲ" ಎಂದಳು.

ನನಗೆ ಮೈಯೆಲ್ಲ ಉರಿಯಿತು. "ಮೊದಲೇ ಹೇಳಲಿಕ್ಕೆ ಏನಾಗಿತ್ತು ಕಾಕೂ?"

"ನೀ ಕೇಳಿದಿ? ಊರೂರು ತಿರುಗಿ ಬಂದಿ. ಅಡಗಿಮನಿ ಬಾಗಲಕ್ಕ ಬಂದು ಒಂದು ಸಲರೆ ಕೇಳಿದಿ?"

ಕೇಳಿರಲಿಲ್ಲ, ಖರೆ. ಕಾಕುವಿಗೆ ಯಂತ್ರದ ವಿಷಯ ಏನು ಗೊತ್ತಿರುತ್ತದೆ ಎಂದುಕೊಂಡಿದ್ದೆ. ಆದದ್ದಿಷ್ಟು. ಕೊಂಡ ವರ್ಷವೇ ಆ ತಗಡಿನ ಮೊಳೆ ಸಡಿಲಾಗಿದ್ದವು. ದಾರಿಯಲ್ಲೆಲ್ಲಾದರೂ ಬಿದ್ದೀತೆಂದು ಕಾಕಾ ಬಿಚ್ಚಿ ತಂದು, "ಇದು ಟ್ರ್ಯಾಕ್ಟರಿನ ಪ್ರಾಣ, ಜ್ವಾಕಿಲೆ ಇಡು" ಎಂದು ಕಾಕುವಿನ ಕೈಗೆ ಕೊಟ್ಟಿದ್ದರು. ಪ್ರಾಣವನ್ನು, ಅದೂ ಹಿತ್ತಾಳೆಯದನ್ನು, ನಮ್ಮ ಮನೆಯಲ್ಲಿ ಬೇರೆಲ್ಲಿ ಇಡುತ್ತಾರೆ? ಸಾಲಿಗ್ರಾಮದ ಬಟ್ಟಲಿನ ಪಕ್ಕದಲ್ಲಿ ಇಟ್ಟಳು. ಹಿತ್ತಾಳೆಯ ದೇವರೆಂದ ಮೇಲೆ ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಗಂಧ ಹಚ್ಚಿದಳು. ಎಷ್ಟು ವರ್ಷ? ನನಗೆ ಮೀಸೆ ಬರುವ ಮೊದಲಿನಿಂದ.

ಕಾಕು ಅದನ್ನು ಅಂಗೈಯಲ್ಲಿಟ್ಟುಕೊಂಡು ತಂದು ನನ್ನ ಕೈಗೆ ಕೊಟ್ಟಳು. ಬಂಗಾರದ ಹಾಗೆ ಹೊಳೆಯುತ್ತಿತ್ತು. ಒಂದಕ್ಷರವಿರಲಿಲ್ಲ. ನುಣ್ಣಗೆ, ಬೆರಳು ಜಾರುವ ಹಾಗೆ, ಬೋಳು.

ಆಗ ನಾನು ಆಡಬಾರದ ಮಾತು ಆಡಿದೆ. ಒಂದೂವರೆ ತಿಂಗಳ ಬಸ್ಸು, ಧೂಳು, ಕೆರೆದ ಉಗುರು ಎಲ್ಲ ಒಟ್ಟಿಗೆ ಬಾಯಿಗೆ ಬಂತು. "ತಿಕ್ಕಿ ತಿಕ್ಕಿ ಹೆಸರೇ ತಿಂದು ಹಾಕಿದಿ ಕಾಕೂ! ಓದಲಿಕ್ಕೆ ಬರಲಾರದವರ ಕೈಯಾಗ ಕೊಟ್ಟರ ಹಿಂಗೇ ಆಗೋದು!"

ಕಾಕುವಿಗೆ ಕನ್ನಡ ಓದಲು ಬರುತ್ತದೆ, ದಿನಾ ಓದುತ್ತಾಳೆ. ಇಂಗ್ಲಿಷ್ ಬಾರದು, ಅಷ್ಟೇ. ಅವಳು ತಗಡನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಬೆರಳಿನ ಎಣ್ಣೆ ಕಲೆಯನ್ನು ಸೆರಗಿನಿಂದ ಒರೆಸಿ, ಒಳಗೆ ಹೋದಳು. ಮಿಸ್ತ್ರಿ ಬೇರೆ ಕಡೆ ನೋಡುತ್ತಿದ್ದ. ನಾನು ಊಟ ಮಾಡದೇ ಬಸ್ಸು ಹಿಡಿದೆ. ಸೇಡಂ ಬರುವವರೆಗೂ ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡುತ್ತ, ನನ್ನ ನಾಲಿಗೆಗೆ ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ.

ಎಳ್ಳಮಾಸಿಗೆ ಒಂದು ತಿಂಗಳು ಮೊದಲು ಬರುವುದು ಛಟ್ಟಿ ಅಮಾವಾಸ್ಯೆ. ಅಂದು ಮತ್ತೆ ಕೊಡ್ಲಿಗೆ ಹೋದೆ, ಕೆಲಸ ನಿಲ್ಲಿಸೋಣ ಎಂದು ಹೇಳಲಿಕ್ಕೆ. ಮಿಸ್ತ್ರಿಗೆ ಫೋನಿನಲ್ಲೇ ಹೇಳಿದ್ದೆ. ಅವನು ತನ್ನ ಪಾನಾ, ಇಕ್ಕಳ ಒಯ್ಯಲು ಬಂದು ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತಿದ್ದ. ಕಾಕು ಶೆಡ್ಡಿನ ಮುಂದೆ ಟ್ರ್ಯಾಕ್ಟರಿಗೆ ಬೆನ್ನು ಮಾಡಿ ಕೂತು ರಂಗೋಲಿ ಹಾಕುತ್ತಿದ್ದಳು. ಅಮಾವಾಸ್ಯೆಗೆ ಗಾಡಿಗಳಿಗೆ ನಿಂಬೆಹಣ್ಣು, ಕಾಯಿ ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಜೊತೆಗೊಂದು ರಂಗೋಲಿಯೂ ಇತ್ತು. ಟ್ರ್ಯಾಕ್ಟರ್ ನಿಂತ ಹನ್ನೊಂದು ವರ್ಷದಲ್ಲೂ ಅದು ನಿಂತಿರಲಿಲ್ಲ. ಸುತ್ತ ಕಮಲದ ಎಸಳು, ನಡುವೆ ಬಳ್ಳಿಯಂಥದ್ದೇನೋ ಸೊಟ್ಟಪಟ್ಟ. ಚಿಕ್ಕಂದಿನಿಂದ ನೋಡಿದ್ದೇನೆ. ನೂರು ಸಲ ತುಳಿದಿದ್ದೇನೆ, ನೂರು ಸಲ ಬೈಸಿಕೊಂಡಿದ್ದೇನೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಿಸ್ತ್ರಿ ಮೇಲಿನಿಂದ, "ಯಾ ಅಲ್ಲಾ!" ಎಂದ. "ಸಾಹೇಬ್ರ, ಮ್ಯಾಲ ಬರ್ರಿ. ಅಲ್ಲಿ ನಿಂತರ ಕಾಣೂದಿಲ್ಲ. ಇಲ್ಲಿ ಬರ್ರಿ."

ಏದುಸಿರು ಬಿಡುತ್ತ ಹತ್ತಿದೆ. ಸೀಟಿನಿಂದ ಕೆಳಗೆ ನೋಡಿದೆ. ಬಳ್ಳಿ ಬಳ್ಳಿಯಾಗಿರಲಿಲ್ಲ. ಕಮಲದ ಎಸಳುಗಳ ನಡುವೆ ಮೇಲೊಂದು ಇಂಗ್ಲಿಷ್ ಹೆಸರು, ಅಕ್ಷರಗಳ ಕೊನೆಗೆಲ್ಲ ಕಾಕು ಸೇರಿಸಿದ ಸುರುಳಿ. ಅದರ ಕೆಳಗೆ ಸಾಲಾಗಿ ಆರು ಅಂಕಿ.

"ಕಾಕೂ, ಇದು… ಇದನ್ನ ಯಾರು ಕಲಿಸಿದ್ರು?"

"ನಿಮ್ಮ ಕಾಕಾ," ಎಂದಳು, ತಲೆಯೆತ್ತದೆ. "ಮೊದಲನೇ ಅಮಾಸಿಗಿ ತಗಡು ನೋಡಿ ಕಾಗದದ ಮ್ಯಾಲ ತೆಗೆದು ಕೊಟ್ಟಿದ್ರು. ಇದು ಇದರ ಹೆಸರು, ಇದನ್ನೇ ಹಾಕು ಅಂದ್ರು. ಅದರ ಹೆಸರು ಅದಕ್ಕ ಕಾಣಬೇಕಲ್ಲ, ಅದಕ್ಕೇ ಅದರ ಕಡೆಯಿಂದ ಕುಂತು ಹಾಕ್ತೀನಿ. ನಿಮಗ ಹ್ಯಾಂಗ ಕಾಣಬೇಕು, ನೀವೆಲ್ಲಾ ಓಣಿ ಕಡೆಯಿಂದ ಬರವ್ರು."

ನಾನು ಸೀಟಿನಿಂದ ಇಳಿದೆ. "ತಪ್ಪಾತು ಕಾಕೂ" ಎಂದೆ.

"ತಪ್ಪೇನು ಬಂತು," ಎಂದು ಕಾಕು ರಂಗೋಲಿ ಬಟ್ಟಲು ಎತ್ತಿಕೊಂಡು ಎದ್ದಳು. "ಓದಲಿಕ್ಕೆ ಬರಲಾರದವರು ಬರದಿಟ್ಟಾರ. ಓದಲಿಕ್ಕೆ ಬರವ್ರು ಓದಕೊಳ್ರಿ."

ಹೈದರಾಬಾದಿನ ಅಂಗಡಿಯವನು ನಂಬರು ಕೇಳಿಸಿಕೊಂಡು, ಎರಡು ನಿಮಿಷ ಪುಸ್ತಕ ತಿರುವಿ, ಇದು ಚೆಕೊಸ್ಲೊವಾಕಿಯಾದ ಟ್ರ್ಯಾಕ್ಟರು, ಸಾಮಾನು ಇದೆ ಎಂದ. ಹೆಸರು ಸಿಕ್ಕಿತಲ್ಲ ಎಂದರೆ, ಈಗ ಅದು ಹುಟ್ಟಿದ ದೇಶವೇ ಇಲ್ಲ! "ನಾ ಹೇಳಿರಲಿಲ್ಲೇನು, ಆ ಕಡೀದೇ ಅಂತ" ಎಂದ ಅಣ್ಣ. ಹದಿನೈದು ದಿನಕ್ಕೆ ಸಾಮಾನು ಬಂತು. ಸೋಮವಾರ, ಶುಕ್ರವಾರ, ಶನಿವಾರ, ಏಕಾದಶಿ ಎಲ್ಲ ತಪ್ಪಿಸಿ ಒಂದು ಬುಧವಾರ ಮಿಸ್ತ್ರಿ ಹ್ಯಾಂಡಲ್ ತಿರುವಿದ. ಮೊದಲು ಕೆಮ್ಮಿತು. ಆಮೇಲೆ ಸೀನಿ, ಸೈಲೆನ್ಸರಿನಿಂದ ಅಳಿಲಿನ ಹಳೆಯ ಗೂಡೊಂದನ್ನು ಕಪ್ಪು ಹೊಗೆಯ ಜೊತೆ ನನ್ನ ಬಿಳಿ ಅಂಗಿಯ ಮೇಲೆ ಉಗುಳಿತು. ಆಮೇಲೆ ಹೊಡೆದುಕೊಳ್ಳತೊಡಗಿತು, ಧಗ್ ಧಗ್ ಧಗ್ ಎಂದು, ಕಾಕಾನ ಕಾಲದ ಅದೇ ಸದ್ದು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಇನ್ನು ಸುಮ್ಮನಿರಬೇಕಿತ್ತು ನಾನು. ಕಚೇರಿಯ ಬುದ್ಧಿ ಬಿಡಬೇಕಲ್ಲ! ಸೇಡಂನಲ್ಲಿ ಹೊಸ ಹಿತ್ತಾಳೆ ತಗಡು ಕೊರೆಸಿದೆ. ಹೆಸರು, ನಂಬರು, ಆಳವಾಗಿ, ದಪ್ಪಗೆ. ಎಳ್ಳಮಾಸಿಯ ಬೆಳಿಗ್ಗೆ ಮೊಳೆ, ಸುತ್ತಿಗೆ ಹಿಡಿದು ಟ್ರ್ಯಾಕ್ಟರಿನ ಮುಂದೆ ನಿಂತೆ. ಕಾಕು ಮಡಿ ಸೀರೆಯುಟ್ಟು, ಬುಟ್ಟಿ ಹಿಡಿದು ಬಂದಳು. ಅದರ ಮೇಲೆ ಆ ಬೋಳು ತಗಡು ಇತ್ತು.

"ಆ ಹೊಸಾದು ಅಲ್ಲೇ ಕಟ್ಟಿ ಮ್ಯಾಲ ಇಡು," ಎಂದಳು. "ಅದು ದೇವರ ಕಡೆ ಇರ್ಲಿ. ಗಾಡಿಗಿ ಇದನ್ನ ಹಚ್ಚು."

"ಕಾಕೂ, ಅದರಾಗ ಏನೂ ಇಲ್ಲ! ನಾಳೆ ಯಾರರೆ ಕೇಳಿದ್ರ…"

"ಹನ್ನೊಂದು ವರ್ಷ ಆತು ಗುಂಡ್ಯಾ, ನಿಮ್ಮ ಕಾಕಾ ಹೊಲ ನೋಡಿಲ್ಲ," ಎಂದು ಕಾಕು ತಗಡನ್ನು ಕಟ್ಟೆಯ ಮೇಲೆ ಇಟ್ಟು ಸರಿದು ನಿಂತಳು.

ಆ ನಾಲ್ಕು ತೂತಿಗೆ ಬೋಳು ತಗಡನ್ನೇ ಬಡಿದೆ. ಅಣ್ಣ ಸ್ಟೇರಿಂಗ್ ಹಿಡಿದ. ಕಾಕು ಸ್ಟೂಲಿನ ಮೇಲೆ ಕಾಲಿಟ್ಟು, ಯಾರನ್ನೂ ಮುಟ್ಟದೆ, ಮಡ್‌ಗಾರ್ಡಿನ ಮೇಲೆ ತನ್ನ ಜಾಗದಲ್ಲಿ ಕೂತಳು. ಟ್ರೇಲರಿನಲ್ಲಿ ನಾನು, ನನ್ನ ಹೆಂಡತಿ, ಮಿಸ್ತ್ರಿ. ದಾರಿಯುದ್ದಕ್ಕೂ ಕಾಕು ಒಂದು ಕೈಯಲ್ಲಿ ಬುಟ್ಟಿ ಹಿಡಿದಿದ್ದಳು, ಇನ್ನೊಂದು ಕೈಯನ್ನು ಆ ತಗಡಿನ ಮೇಲೆ ಇಟ್ಟಿದ್ದಳು. ಹೊಲದಲ್ಲಿ ನೈವೇದ್ಯವಾಗಿ, ಚರಗ ಚೆಲ್ಲಿ, ಎಲ್ಲರೂ ಉಂಡಮೇಲೆ ಅಣ್ಣ ಯಾರಿಗೂ ಅಲ್ಲದ ಹಾಗೆ, "ತೊಗರಿ ಚೀಲ ಈ ವರ್ಷ ಪಡಸಾಲ್ಯಾಗೇ ಇಟ್ಟರಾತು" ಎಂದ.

ಮರುದಿನ ಬೆಳಿಗ್ಗೆ ಸೇಡಂಗೆ ಹೊರಟವನು ಹಿತ್ತಲಿಗೆ ಹೋದೆ. ಕಾಕು ದೇವರ ಉಪಕರಣಗಳನ್ನು ಹರಡಿಕೊಂಡು ಕೂತಿದ್ದಳು. ತಂಬಿಗೆ, ಆರತಿ, ಗಂಟೆ, ಅವುಗಳ ನಡುವೆ ನನ್ನ ಹೊಸ ತಗಡು. ಹುಣಸೆಹಣ್ಣು ಹಚ್ಚಿ, ಹೆಬ್ಬೆರಳು ಒತ್ತಿ, ಮನಸ್ಸಿಟ್ಟು ತಿಕ್ಕುತ್ತಿದ್ದಳು. ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ. ಬಟ್ಟಲಿನಲ್ಲಿ ಹುಣಸೆಹಣ್ಣು ಮುಗಿಯುತ್ತ ಬಂದಿತ್ತು. ಒಳಗೆ ಹೋಗಿ ಗಡಿಗೆಯಿಂದ ಇನ್ನೊಂದು ಉಂಡೆ ತಂದು ಅವಳ ಮುಂದಿಟ್ಟೆ.